ರಸ್ತೆ ಯಾರದು, ರಸ್ತೆಯ ತೆರಿಗೆ ಯಾರದು?

ಮಳೆಗಾಲ ಮುಗಿಯುವ ಹೊತ್ತಿಗೆ ತಪ್ಪದೆ ಹೊರಡುವ ಸರ್ಕಾರಿ ಆದೇಶ ಒಂದಿದ್ದರೆ ಅದು ರಸ್ತೆಗುಂಡಿ ಮುಚ್ಚುವ ಗಡುವು. ಗಡುವು ಹಾಕುವವರು ಬದಲಾಗುತ್ತಾರೆ, ಗಡುವು ಮಾತ್ರ ವರ್ಷ ವರ್ಷವೂ ಮರಳಿ ಬರುತ್ತದೆ. ಮಂತ್ರಿಗಳು ನಗರ ಪ್ರದಕ್ಷಿಣೆ ಹಾಕುತ್ತಾರೆ, ಎಂಜಿನಿಯರುಗಳಿಗೆ ಎಚ್ಚರಿಕೆ ಕೊಡುತ್ತಾರೆ, ಒಬ್ಬಿಬ್ಬರ ಅಮಾನತು ಆಗುತ್ತದೆ. ಅವಸರದಲ್ಲಿ ಜಲ್ಲಿ, ಡಾಂಬರು ಸುರಿದು ಹಾಕಿದ ತೇಪೆ ಮುಂದಿನ ಮುಂಗಾರಿಗೆ ಕಿತ್ತು ಬರುತ್ತದೆ. ಈ ಕುರಿತ ಚರ್ಚೆಯಲ್ಲಿ ಗುತ್ತಿಗೆದಾರನ ಕಳಪೆ ಕೆಲಸ, ಅಧಿಕಾರಿಯ ಉದಾಸೀನ, ರಾಜಕಾರಣದ ಪರ್ಸೆಂಟೇಜು ಎಲ್ಲವೂ ಬರುತ್ತವೆ, ಬರಲೂಬೇಕು. ಆದರೆ ಆ ಬೀದಿಯನ್ನು ವರ್ಷವಿಡೀ ನೋಡಿಕೊಳ್ಳುವ ಹಣ ಯಾರ ಖಾತೆಯಲ್ಲಿ ಇರಬೇಕಿತ್ತು, ಅದು ಅಲ್ಲಿಗೆ ಹೇಗೆ ಬರಬೇಕಿತ್ತು ಎಂದು ಕೇಳುವವರು ಕಡಿಮೆ. ನನ್ನ ವಾದ ಈ ಪ್ರಶ್ನೆಯ ಸುತ್ತ ಇದೆ. ರಸ್ತೆಯ ಹೆಸರಿನಲ್ಲಿ ತೆರಿಗೆ ಎತ್ತುವ ಸರ್ಕಾರಗಳ ಕೈಯಲ್ಲಿ ನಮ್ಮ ಬೀದಿಗಳಿಲ್ಲ. ಬೀದಿಗಳನ್ನು ಹೊತ್ತಿರುವ ಪಾಲಿಕೆ, ಪುರಸಭೆ, ಪಂಚಾಯಿತಿಗಳಿಗೆ ಆ ತೆರಿಗೆಯಲ್ಲಿ ಹಕ್ಕಿನ ಪಾಲಿಲ್ಲ. ಈ ತೊಡಕು ಬಿಡಿಸದೆ ಎಷ್ಟು ಗಡುವು ಹಾಕಿದರೂ ಗುಂಡಿ ಉಳಿಯುತ್ತದೆ.

ಸ್ಥಳೀಯ ರಸ್ತೆಗಳ ಪ್ರಮಾಣ ಎಷ್ಟೆಂಬುದನ್ನು ಮೊದಲು ನೋಡಬೇಕು. ದೇಶದಲ್ಲಿ ಸುಮಾರು 63 ಲಕ್ಷ ಕಿಲೋಮೀಟರ್ ರಸ್ತೆಯಿದೆ. ಅದರಲ್ಲಿ ರಾಷ್ಟ್ರೀಯ ಹೆದ್ದಾರಿ ಸುಮಾರು 1.46 ಲಕ್ಷ ಕಿಲೋಮೀಟರ್, ಅಂದರೆ ನೂರರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಹೆಚ್ಚು. ಸುದ್ದಿಯಾಗುವುದು ಈ ಎರಡು ಪಾಲು; ಟೋಲ್ ಕಟ್ಟುವುದು ಇದಕ್ಕೆ, ಪ್ರಧಾನಿ ಉದ್ಘಾಟಿಸುವುದು ಇದನ್ನು. ಶಾಲೆಗೆ, ಸಂತೆಗೆ, ಆಸ್ಪತ್ರೆಗೆ, ಡೇರಿಗೆ ಜನ ಹೋಗುವುದು ಬಹುಪಾಲು ಉಳಿದ ರಸ್ತೆಗಳಲ್ಲಿ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ರಸ್ತೆಗುಂಡಿಗಳಿಂದಾದ ಅಪಘಾತಗಳಲ್ಲಿ ಸತ್ತವರು 1,856 ಮಂದಿ. ಪೊಲೀಸ್ ದಾಖಲೆಯಲ್ಲಿ ಗುಂಡಿಯೇ ಕಾರಣವೆಂದು ಬರೆದ ಸಾವುಗಳಷ್ಟೇ ಈ ಲೆಕ್ಕಕ್ಕೆ ಬರುತ್ತವೆ. ಸಂವಿಧಾನದ ಪ್ರಕಾರ ರಸ್ತೆ ರಾಜ್ಯದ ವಿಷಯ. 1992ರ 73 ಮತ್ತು 74ನೇ ತಿದ್ದುಪಡಿಗಳು ಅದನ್ನು ಇನ್ನೂ ಕೆಳಗೆ ಇಳಿಸಿದವು: ಹನ್ನೊಂದನೇ ಅನುಸೂಚಿ ಪಂಚಾಯಿತಿಗಳಿಗೆ ವಹಿಸಬಹುದಾದ ಕೆಲಸಗಳಲ್ಲಿ ರಸ್ತೆ, ಮೋರಿ, ಸೇತುವೆಗಳನ್ನು ಸೇರಿಸಿತು, ಹನ್ನೆರಡನೆಯದು ನಗರಸಭೆಗಳ ಪಟ್ಟಿಯಲ್ಲಿ ರಸ್ತೆ ಮತ್ತು ಸೇತುವೆಯನ್ನು ಇಟ್ಟಿತು. ಕೆಲಸದ ಪಟ್ಟಿ ಕೆಳಗೆ ಇಳಿಯಿತು, ಅದಕ್ಕೆ ತಕ್ಕ ತೆರಿಗೆಯ ಪಟ್ಟಿ ಇಳಿಯಲಿಲ್ಲ.

ತೆರಿಗೆ ಎಲ್ಲಿ ನಿಂತಿತು ಎಂಬುದಕ್ಕೆ ಹಳೆಯ ಕಥೆಯೇ ಇದೆ. ಮೋಟಾರು ವಾಹನ ಬಳಸುವವರಿಂದ ಪೆಟ್ರೋಲ್ ಮೇಲೆ ಸುಂಕ ಎತ್ತಿ ಅದನ್ನು ರಸ್ತೆಗೇ ಮೀಸಲಿಡಬೇಕು ಎಂಬ ವಿಚಾರವನ್ನು 1927ರಲ್ಲಿ ನೇಮಕವಾದ ಜಯಕರ್ ಸಮಿತಿ ಮುಂದಿಟ್ಟಿತು; 1929ರಲ್ಲಿ ಕೇಂದ್ರ ರಸ್ತೆ ನಿಧಿ ಬಂತು. 2000ನೇ ಇಸವಿಯಲ್ಲಿ ಆ ನಿಧಿಗೆ ಕಾಯ್ದೆಯ ಬಲ ಸಿಕ್ಕಿತು, 2018ರಲ್ಲಿ ಅದರ ಹೆಸರಿಗೆ ‘ಮೂಲಸೌಕರ್ಯ’ವೂ ಸೇರಿತು. ಹೆದ್ದಾರಿ, ರಾಜ್ಯ ರಸ್ತೆ, ಹಳ್ಳಿಗೆ ಹೊಸ ರಸ್ತೆ, ರೈಲ್ವೆ ಎಲ್ಲಕ್ಕೂ ಅದರಲ್ಲಿ ಪಾಲುಂಟು, ಊರೊಳಗಿನ ಬೀದಿಯ ದುರಸ್ತಿಗೆ ಪ್ರತ್ಯೇಕ ಪಾಲಿಲ್ಲ. ಈ ನಿಧಿಗೆ ಬರುವ ಹಣ ಸೆಸ್ ಆದ್ದರಿಂದ ರಾಜ್ಯಗಳ ನಡುವೆ ಹಂಚುವ ತೆರಿಗೆಯ ರಾಶಿಗೂ ಅದು ಸೇರುವುದಿಲ್ಲ. ಇನ್ನು ರಾಜ್ಯದ ಮಾತು. ಕರ್ನಾಟಕ 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ, ಡೀಸೆಲ್ ಮೇಲಿನದನ್ನು ಶೇ 14.34ರಿಂದ ಶೇ 18.44ಕ್ಕೆ ಏರಿಸಿತು, 2025ರ ಏಪ್ರಿಲ್‌ನಲ್ಲಿ ಡೀಸೆಲ್ ತೆರಿಗೆ ಶೇ 21.17 ಆಯಿತು. ಕಾರು ಕೊಂಡವರು ಬೆಲೆಗೆ ತಕ್ಕಂತೆ ಶೇ 13ರಿಂದ ಶೇ 18ರವರೆಗೆ ಜೀವಾವಧಿ ತೆರಿಗೆ, ಅದರ ಮೇಲೊಂದು ಸೆಸ್ ಕಟ್ಟಿದ್ದಾರೆ. ವಾಹನ ತೆರಿಗೆಯೊಂದರಿಂದಲೇ ರಾಜ್ಯಕ್ಕೆ ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬರುತ್ತಿದೆ. ಇದರ ಬಹುಪಾಲು ಹೋಗಿ ಸೇರುವುದು ರಾಜ್ಯದ ಸಂಚಿತ ನಿಧಿಗೆ. ಅಲ್ಲಿಂದ ಊರಿನ ಬೀದಿಗೆ ಎಷ್ಟು ಬರಬೇಕೆಂಬುದು ಆಯಾ ವರ್ಷದ ಬಜೆಟ್ಟಿನ ಮರ್ಜಿಗೆ ಬಿಟ್ಟದ್ದು.

ಸ್ಥಳೀಯ ಸಂಸ್ಥೆಗೆ ತನ್ನದೆಂದು ಉಳಿದಿರುವ ದೊಡ್ಡ ಆದಾಯ ಆಸ್ತಿ ತೆರಿಗೆ ಒಂದೇ. ಒಂದು ಕಾಲಕ್ಕೆ ಊರಿಗೆ ಬರುವ ಸರಕಿನ ಮೇಲೆ ಪುರಸಭೆಗಳು ಆಕ್ಟ್ರಾಯ್ ಎತ್ತುತ್ತಿದ್ದವು. ನಾಕಾ ಮುಂದೆ ಲಾರಿಗಳ ಸಾಲು, ಲಂಚ, ಕಿರಿಕಿರಿ ಎಲ್ಲ ಇದ್ದ ಕೆಟ್ಟ ತೆರಿಗೆ ಅದು, ಆದರೆ ಊರಿನದೇ ತೆರಿಗೆ. 1979ರಲ್ಲಿ ಕರ್ನಾಟಕ ಅದನ್ನು ತೆಗೆದು ರಾಜ್ಯಮಟ್ಟದ ಪ್ರವೇಶ ತೆರಿಗೆ ತಂದಿತು. 2017ರಲ್ಲಿ ಪ್ರವೇಶ ತೆರಿಗೆಯೂ ಜಿಎಸ್‌ಟಿಯಲ್ಲಿ ಕರಗಿತು. ಊರಿನ ಕೈಯಿಂದ ತೆರಿಗೆ ಮೇಲೆ ಮೇಲೆ ಸರಿದುಹೋಗಿ, ಕೊನೆಗೆ ಉಳಿದದ್ದು ಮೇಲಿನವರು ಕೊಟ್ಟಾಗ ಪಡೆಯುವ ಅನುದಾನ. ಆಸ್ತಿ ತೆರಿಗೆಯಾದರೂ ಬಲವಾಗಿದೆಯೇ ಎಂದರೆ, ಇಡೀ ದೇಶದಲ್ಲಿ ಅದರ ಮೊತ್ತ ಜಿಡಿಪಿಯ ಶೇ 0.15ರ ಆಸುಪಾಸಿನಲ್ಲಿದೆ. ಅದರಲ್ಲೇ ಪೌರಕಾರ್ಮಿಕರ ಸಂಬಳ, ಕಸ ವಿಲೇವಾರಿ, ಬೀದಿದೀಪದ ಕರೆಂಟ್ ಬಿಲ್ ಎಲ್ಲ ಕಳೆದು ಮಿಕ್ಕಿದರೆ ಡಾಂಬರು. ಮಿಕ್ಕುವುದು ಅಪರೂಪ.

ಹಣ ಕಡಿಮೆ ಎಂಬುದು ಅರ್ಧ ಸಮಸ್ಯೆ. ಇರುವ ಹಣವೂ ಹೊಸ ರಸ್ತೆಯ ಕಡೆಗೇ ಹರಿಯುತ್ತದೆ ಎಂಬುದು ಇನ್ನರ್ಧ. ಲೆಕ್ಕಪತ್ರದ ನಿಯಮದಲ್ಲಿ ರಸ್ತೆ ಮಾಡುವುದು ಬಂಡವಾಳ ವೆಚ್ಚ, ಅದನ್ನು ಕಾಪಾಡುವುದು ರಾಜಸ್ವ ವೆಚ್ಚ. ಕರ್ನಾಟಕದ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ರಾಜಸ್ವ ಕೊರತೆ ಇರಬಾರದು ಎನ್ನುತ್ತದೆ. ಸಾಲದ ಹಣ ಆಸ್ತಿ ಸೃಷ್ಟಿಗೆ ಹೋಗಬೇಕು ಎಂಬುದು ಅದರ ಆಶಯ. 2020–21ರಿಂದ ಕೇಂದ್ರ ರಾಜ್ಯಗಳಿಗೆ ಕೊಡುತ್ತಿರುವ 50 ವರ್ಷಗಳ ಬಡ್ಡಿರಹಿತ ಸಾಲವೂ ಬಂಡವಾಳ ವೆಚ್ಚಕ್ಕೆ ಮಾತ್ರ. ನಿಯಮದ ಉದ್ದೇಶ ಒಳ್ಳೆಯದೇ, ಸಾಲ ಮಾಡಿ ಸಂಬಳ ಕೊಡಬಾರದು ಎಂಬ ವಿವೇಕ ಅದು. ಆದರೆ ಚರಂಡಿ ಹೂಳೆತ್ತುವ, ಬಿರುಕಿಗೆ ಡಾಂಬರು ಹೊಯ್ಯುವ ಖರ್ಚು ಸಂಬಳದ ಸಾಲಿನಲ್ಲೇ ಕೂರುತ್ತದೆ, ಉಳಿತಾಯ ಮಾಡಬೇಕಾದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಅದೇ ರಸ್ತೆ ಪೂರ್ತಿ ಹಾಳಾಗಲಿ, ಮರುನಿರ್ಮಾಣಕ್ಕೆ ಸಾಲ ಸಿಗುತ್ತದೆ, ಗುದ್ದಲಿ ಪೂಜೆ ನಡೆಯುತ್ತದೆ, ನಾಮಫಲಕ ಬೀಳುತ್ತದೆ. ಶಾಸಕರೊಬ್ಬರಿಗೆ ವರ್ಷಕ್ಕೆ ಸಿಗುವ ಎರಡು ಕೋಟಿ ರೂಪಾಯಿ ಪ್ರದೇಶಾಭಿವೃದ್ಧಿ ನಿಧಿಯಲ್ಲೂ ಕಣ್ಣಿಗೆ ಕಾಣುವ ಕಾಮಗಾರಿಗೇ ಬೆಲೆ. ಹದಿನೈದನೇ ಹಣಕಾಸು ಆಯೋಗ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ಅದು ಸರಿಯೇ, ಆದರೆ ರಸ್ತೆ ಉಳಿದ ಶೇ 40ರಲ್ಲಿ ಇತರ ಎಲ್ಲ ಅಗತ್ಯಗಳೊಂದಿಗೆ ಪೈಪೋಟಿಗೆ ಇಳಿಯಬೇಕಾಗಿತ್ತು.

ಈ ಓರೆ ಎಷ್ಟು ದುಬಾರಿ ಎಂಬುದು ಡಾಂಬರು ರಸ್ತೆಯ ಸ್ವಭಾವ ಗೊತ್ತಿದ್ದವರಿಗೆ ತಿಳಿಯುತ್ತದೆ. ರಸ್ತೆ ಒಂದೇ ಸಮನೆ ಹಾಳಾಗುವುದಿಲ್ಲ. ಆಯುಷ್ಯದ ಮುಕ್ಕಾಲು ಭಾಗ ನಿಧಾನವಾಗಿ ಸವೆಯುತ್ತದೆ, ಆಮೇಲೆ ಕಡಿದಾಗಿ ಕುಸಿಯುತ್ತದೆ. ಮೇಲಿನ ಪದರದ ಕೂದಲೆಳೆಯ ಬಿರುಕಿನಿಂದ ನೀರು ಇಳಿದು ಕೆಳಗಿನ ಜಲ್ಲಿ, ಮಣ್ಣಿನ ಪದರ ಸಡಿಲವಾದರೆ ಅದರ ಮೇಲೆ ಓಡುವ ಒಂದೊಂದು ಚಕ್ರವೂ ಗುಂಡಿ ತೋಡುತ್ತದೆ. ಬದಿ ಚರಂಡಿ ಕಟ್ಟಿಕೊಂಡರೆ, ಮೋರಿಯಲ್ಲಿ ಹೂಳು ತುಂಬಿದರೆ, ರಸ್ತೆ ಅಂಚಿನ ಮಣ್ಣು ರಸ್ತೆಗಿಂತ ಎತ್ತರವಾದರೆ ನೀರು ನಿಲ್ಲುವುದು ರಸ್ತೆಯ ಮೇಲೆಯೇ. ಮಲೆನಾಡು, ಕರಾವಳಿಯಲ್ಲಿ ಸುರಿಯುವ ಮಳೆಯೂ, ಒದ್ದೆಯಾದರೆ ಉಬ್ಬಿ ಒಣಗಿದರೆ ಬಿರಿಯುವ ಉತ್ತರ ಕರ್ನಾಟಕದ ಎರೆಮಣ್ಣೂ ಈ ಕೆಲಸವನ್ನು ಚುರುಕು ಮಾಡುತ್ತವೆ. ಮುಂಗಾರಿಗೆ ಮುಂಚೆ ಒಡೆದ ಹೆಂಚು ಬದಲಿಸದ ಮನೆಯವರು ನಾಲ್ಕು ವರ್ಷ ಬಿಟ್ಟು ತೊಲೆಯನ್ನೇ ಬದಲಿಸಬೇಕಾದೀತು, ರಸ್ತೆಯ ಲೆಕ್ಕವೂ ಅದೇ. ಆಫ್ರಿಕಾದ ದೇಶಗಳು ಒಂದು ದಶಕದಲ್ಲಿ ಸಕಾಲಕ್ಕೆ 1,200 ಕೋಟಿ ಡಾಲರ್ ಖರ್ಚು ಮಾಡಿ ರಸ್ತೆ ಕಾಪಾಡಿದ್ದರೆ 4,500 ಕೋಟಿ ಡಾಲರಿನ ಮರುನಿರ್ಮಾಣ ತಪ್ಪುತ್ತಿತ್ತು ಎಂದು ವಿಶ್ವಬ್ಯಾಂಕ್ 1994ರ ತನ್ನ ವರದಿಯಲ್ಲಿ ಲೆಕ್ಕ ಹಾಕಿತ್ತು. ನಮ್ಮಲ್ಲಿ ಇದಕ್ಕೆ ಕ್ಯಾಲೆಂಡರಿನ ಕಾಟವೂ ಸೇರುತ್ತದೆ. ಅನುದಾನ ಕೈಗೆ ಬರುವಾಗ ಆರ್ಥಿಕ ವರ್ಷ ಮುಗಿಯುತ್ತ ಬಂದಿರುತ್ತದೆ. ಮಾರ್ಚ್ ದಾಟಿದರೆ ಹಣ ವಾಪಸ್, ಜೂನ್ ಬಂದರೆ ಮಳೆ. ಈ ನಡುವೆ ಬಿಲ್ ಮಾಡಿಸಿಕೊಳ್ಳಲು ನಡೆಯುವ ಓಟವೇ ಕಾಮಗಾರಿ ಎನಿಸಿಕೊಳ್ಳುತ್ತದೆ.

ಹಾಗಾದರೆ ಹಣ ಕೊಡಬೇಕಾದವರು ಯಾರು? ರಸ್ತೆಯನ್ನು ಸವೆಸುವವರು ಯಾರೆಂದು ಕೇಳಿದರೆ ಉತ್ತರ ಸಿಗುತ್ತದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ದೊಡ್ಡ ರಸ್ತೆ ಪರೀಕ್ಷೆ ಒಂದು ಅಂಶವನ್ನು ತೋರಿಸಿಕೊಟ್ಟಿತು: ಆಕ್ಸೆಲ್ ಮೇಲಿನ ಭಾರ ಹೆಚ್ಚಿದಂತೆ ರಸ್ತೆಯ ಸವೆತ ಸುಮಾರು ಅದರ ನಾಲ್ಕನೇ ಘಾತದಷ್ಟು ಏರುತ್ತದೆ. ಭಾರ ಇಮ್ಮಡಿಯಾದರೆ ಹಾನಿ ಹದಿನಾರು ಪಟ್ಟು. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಆಕ್ಸೆಲ್ ಹೊರಬಹುದಾದ ಭಾರವನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ನೋಡಲು ಶೇ 13ರಷ್ಟು ಏರಿಕೆ. ಈ ಸೂತ್ರದಲ್ಲಿಟ್ಟು ನೋಡಿದರೆ ಪೂರ್ತಿ ಭಾರ ಹೊತ್ತ ಆಕ್ಸೆಲ್ ಒಂದೊಂದು ಸಲ ಹಾದುಹೋದಾಗಲೂ ಆಗುವ ಸವೆತ ಸುಮಾರು ಶೇ 60 ಹೆಚ್ಚು. ಇದರ ಲಾಭ ಸರಕು ಸಾಗಣೆಗೆ, ದೇಶದ ಆರ್ಥಿಕತೆಗೆ ಸಿಕ್ಕಿರಬಹುದು. ಸವೆತದ ಬಿಲ್ ಮಾತ್ರ ಸಂಡೂರಿನ ಅದಿರು ಲಾರಿ, ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಬ್ಬಿನ ಲೋಡು, ಎಲ್ಲೆಡೆಯ ಜಲ್ಲಿ ಟಿಪ್ಪರ್ ಓಡಾಡುವ ಊರುಗಳ ಹೆಸರಿಗೆ ಬರುತ್ತದೆ. ಸರಕು ವಾಹನದ ತೆರಿಗೆಯಲ್ಲಿ ತೂಕದ ಲೆಕ್ಕವೇನೋ ಇದೆ, ಆದರೆ ಆ ಲಾರಿ ಹರಿದ ರಸ್ತೆಯ ಪಂಚಾಯಿತಿಗೆ ಆ ಹಣ ಬರಲೇಬೇಕೆಂಬ ನಿಯಮವಿಲ್ಲ. ಹೀಗಿರುವಾಗ ಬೀದಿಯ ದುರಸ್ತಿಯ ಪೂರ್ತಿ ಭಾರವನ್ನು ಮನೆಕಂದಾಯದ ಮೇಲೆ ಹೊರಿಸುವುದು ನ್ಯಾಯವಲ್ಲ. ಮನೆ ಮುಂದಿನ ರಸ್ತೆಯಿಂದ ನಿವೇಶನದ ಬೆಲೆ ಏರುತ್ತದೆ, ಆದ್ದರಿಂದ ಆಸ್ತಿ ತೆರಿಗೆಗೂ ಪಾಲಿರಬೇಕು. ಸವೆಸುವ ವಾಹನದ ತೆರಿಗೆಗೆ ದೊಡ್ಡ ಪಾಲಿರಬೇಕು.

ಇದು ಕಾಗದದ ಮೇಲಿನ ಆದರ್ಶವಲ್ಲ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಅನುಭವ ಸಾಕ್ಷಿ. ಅಲ್ಲಿ ಗ್ಯಾಲನ್ ಪೆಟ್ರೋಲಿಗೆ 18 ಸೆಂಟ್‌ನ ಮೂಲ ತೆರಿಗೆ 1994ರಿಂದ ಹಾಗೆಯೇ ನಿಂತಿತ್ತು. ಬೆಲೆಗಳೆಲ್ಲ ಏರಿದವು, ನಗರ ಮತ್ತು ಕೌಂಟಿಗಳ ರಸ್ತೆಗಳು ಹಾಳಾಗುತ್ತ ಹೋದವು. 2017ರಲ್ಲಿ ‘ಎಸ್‌ಬಿ–1’ ಎಂಬ ಕಾನೂನು ತೆರಿಗೆಯನ್ನು 12 ಸೆಂಟ್ ಏರಿಸಿತು, ಮುಂದೆ ಹಣದುಬ್ಬರಕ್ಕೆ ತಕ್ಕಂತೆ ತಾನೇ ಏರುವಂತೆ ಮಾಡಿತು, ಪೆಟ್ರೋಲ್ ಸುಡದ ವಿದ್ಯುತ್ ಕಾರುಗಳಿಗೆ ವರ್ಷಕ್ಕೆ 100 ಡಾಲರ್ ಶುಲ್ಕ ಹಾಕಿತು. ಸ್ಥಳೀಯ ರಸ್ತೆಗಳಿಗೆ ದೊಡ್ಡ ಪಾಲು ಕಾನೂನಿನಲ್ಲೇ ನಿಗದಿಯಾಯಿತು. ಹಣ ಬೇಕಾದ ನಗರ ಯಾವ ರಸ್ತೆಗೆ ಖರ್ಚು ಮಾಡುತ್ತೇನೆಂಬ ಪಟ್ಟಿಯನ್ನು ವರ್ಷವರ್ಷವೂ ಬಹಿರಂಗವಾಗಿ ಒಪ್ಪಿಸಬೇಕು. 2018ರ ಜೂನ್‌ನಲ್ಲಿ ಮತದಾರರು ಈ ಹಣವನ್ನು ಬೇರೆಡೆಗೆ ತಿರುಗಿಸದಂತೆ ರಾಜ್ಯದ ಸಂವಿಧಾನದಲ್ಲೇ ಬೇಲಿ ಹಾಕಿದರು, ಅದೇ ವರ್ಷದ ನವೆಂಬರ್‌ನಲ್ಲಿ ತೆರಿಗೆ ರದ್ದುಮಾಡುವ ಪ್ರಸ್ತಾವ ಬಂದಾಗ ಅದನ್ನು ಸೋಲಿಸಿದರು. ತೆರಿಗೆ ಏರಿಕೆಯನ್ನು ಜನ ಉಳಿಸಿಕೊಳ್ಳುವುದು ಅಪರೂಪ. ಹಣ ಎಲ್ಲಿಗೆ ಹೋಗುತ್ತದೆಂದು ತಿಳಿಯುವಂತೆ, ಬೇರೆಡೆಗೆ ಹೋಗದಂತೆ ಮಾಡಿದ್ದು ಇದರಲ್ಲಿ ಕೆಲಸ ಮಾಡಿರಬೇಕು. ನ್ಯೂಜಿಲೆಂಡ್ ಇನ್ನೊಂದು ದಾರಿ ಹಿಡಿದಿದೆ: ಡೀಸೆಲ್ ವಾಹನಗಳು ಓಡಿದ ದೂರ ಮತ್ತು ತೂಕಕ್ಕೆ ತಕ್ಕಂತೆ ಶುಲ್ಕ ಕಟ್ಟುತ್ತವೆ, 2024ರ ಏಪ್ರಿಲ್‌ನಿಂದ ವಿದ್ಯುತ್ ಕಾರುಗಳೂ ಕಟ್ಟುತ್ತಿವೆ. ಸ್ಥಳೀಯ ರಸ್ತೆಯ ಖರ್ಚನ್ನು ಅಲ್ಲಿ ರಾಷ್ಟ್ರೀಯ ನಿಧಿ ಮತ್ತು ಊರಿನ ಆಸ್ತಿ ತೆರಿಗೆ ಹಂಚಿಕೊಳ್ಳುತ್ತವೆ.

ಕರ್ನಾಟಕಕ್ಕೆ ಇದರಿಂದ ತೆಗೆದುಕೊಳ್ಳಬೇಕಾದ ಪಾಠ ಸರಳ. ವಾಹನ ತೆರಿಗೆ ಮತ್ತು ಇಂಧನದ ಮಾರಾಟ ತೆರಿಗೆಯ ಇಂತಿಷ್ಟು ಪಾಲು ಸ್ಥಳೀಯ ರಸ್ತೆಗಳ ನಿರ್ವಹಣೆಗೆ ಎಂದು ಶಾಸನದಲ್ಲೇ ಬರೆಯಬೇಕು. ಹಂಚಿಕೆ ರಸ್ತೆಯ ಉದ್ದ, ಅದರ ಮೇಲಿನ ಭಾರಿ ವಾಹನಗಳ ಸಂಖ್ಯೆ, ಮಳೆ ಮತ್ತು ಮಣ್ಣಿನ ಗುಣ ನೋಡಿ ನಡೆಯಬೇಕು. ಸೂತ್ರ ಹೇಳುವ ಕೆಲಸ ರಾಜ್ಯ ಹಣಕಾಸು ಆಯೋಗದ್ದು. ಮಾರ್ಚ್ 31ಕ್ಕೆ ಈ ಹಣ ಸಾಯಬಾರದು. ಹೊಸ ರಸ್ತೆಗೆ ಇದರಿಂದ ಒಂದು ರೂಪಾಯಿಯೂ ಹೋಗಬಾರದು. ನೀರಿನ ಕೊಳವೆ, ಕೇಬಲ್, ಗ್ಯಾಸ್ ಪೈಪಿಗಾಗಿ ರಸ್ತೆ ಅಗೆಯುವವರು ಕಟ್ಟುವ ಶುಲ್ಕವೂ ಇದೇ ಖಾತೆಗೆ ಬಂದು ಅದೇ ರಸ್ತೆಗೆ ಬಳಕೆಯಾಗಬೇಕು. ಪ್ರತಿ ಸಂಸ್ಥೆಯೂ ತನ್ನ ರಸ್ತೆಗಳ ರಿಜಿಸ್ಟರ್ ಇಡಬೇಕು: ಯಾವ ಬೀದಿ, ಎಷ್ಟು ಉದ್ದ, ಕೊನೆಯ ಸಲ ಡಾಂಬರು ಬಿದ್ದದ್ದು ಯಾವಾಗ, ಈಗಿನ ಸ್ಥಿತಿ ಏನು, ಹೊಣೆ ಯಾರದು. ಇದು ಕಚೇರಿಯ ಕಪಾಟಿನಲ್ಲಿ ಕೂರದೆ ಯಾರು ಬೇಕಾದರೂ ನೋಡುವಂತಿರಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರ ಬಾಯಲ್ಲೂ ಇದೆ: ಈಗ ಕೊಡುವುದನ್ನೇ ತಿನ್ನುತ್ತಾರೆ, ಇನ್ನಷ್ಟು ಕೊಟ್ಟರೆ ಇನ್ನಷ್ಟು ತಿನ್ನುತ್ತಾರೆ. ಇದನ್ನು ಸಿನಿಕತನ ಎಂದು ತಳ್ಳಿಹಾಕಲಾಗದು. ಆದರೆ ಹಣ ಕೊಡುವ ರೀತಿಗೂ ಕಳ್ಳತನಕ್ಕೂ ಸಂಬಂಧವಿದೆ. ಯಾವಾಗಲೋ ಒಮ್ಮೆ ಭಾರಿ ಮೊತ್ತ ಬಂದು, ಅವಸರದಲ್ಲಿ ಟೆಂಡರ್ ಆಗಿ, ವರ್ಷಗಟ್ಟಲೆ ಬಿಲ್ ಬಾಕಿ ಉಳಿಯುವ ಕಡೆ ಗುತ್ತಿಗೆದಾರ ಆ ಬಾಕಿಯ ಬಡ್ಡಿಯನ್ನೂ ಮಾಮೂಲನ್ನೂ ದರದಲ್ಲಿ ಸೇರಿಸಿಕೊಳ್ಳುತ್ತಾನೆ ಇಲ್ಲವೇ ಡಾಂಬರಿನ ದಪ್ಪದಲ್ಲಿ ಕಳೆಯುತ್ತಾನೆ. 2000ದ ಡಿಸೆಂಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬೇರೆ ದಾರಿ ತೋರಿಸಿದೆ. ಅದರಲ್ಲಿ ರಸ್ತೆ ಮಾಡಿದ ಗುತ್ತಿಗೆದಾರನೇ ಐದು ವರ್ಷ ಅದನ್ನು ನೋಡಿಕೊಳ್ಳಬೇಕೆಂಬುದು ಕರಾರಿನ ಭಾಗ. ಇ–ಮಾರ್ಗ್ ಎಂಬ ವ್ಯವಸ್ಥೆಯಲ್ಲಿ ರಸ್ತೆಯ ಸ್ಥಿತಿಯನ್ನು ಪರಿಶೀಲಿಸಿ, ಅದಕ್ಕೆ ತಕ್ಕಂತೆ ನಿರ್ವಹಣೆಯ ಹಣ ಪಾವತಿಯಾಗುತ್ತದೆ. ಸುರಿದ ಜಲ್ಲಿಯ ಲೋಡು ಎಣಿಸುವುದಕ್ಕಿಂತ ರಸ್ತೆ ಚೆನ್ನಾಗಿದೆಯೇ ಎಂದು ನೋಡುವುದು ಊರಿನವರಿಗೂ ಸುಲಭ. ಈ ಯೋಜನೆಯ ದೌರ್ಬಲ್ಯ ಕಾಣುವುದು ಐದು ವರ್ಷ ಮುಗಿದ ಮೇಲೆ, ರಸ್ತೆ ರಾಜ್ಯದ ಖರ್ಚಿಗೆ ಬಂದಾಗ. ಅಂದರೆ ಖಚಿತವಾದ ಹಣ ಮತ್ತು ಖಚಿತವಾದ ಹೊಣೆ ಎರಡೂ ಇದ್ದಷ್ಟು ದಿನ ಕೆಲಸ ನಡೆಯಿತು.

ಎರಡನೇ ಆಕ್ಷೇಪ ಗಂಭೀರವಾದದ್ದು. ಆದಾಯವನ್ನು ಹೀಗೆ ಮೀಸಲಿಡುತ್ತ ಹೋದರೆ ಚುನಾಯಿತ ಸರ್ಕಾರದ ಕೈ ಕಟ್ಟಿದಂತಾಗುವುದಿಲ್ಲವೇ? ಬರ ಬಂದಾಗ, ಆಸ್ಪತ್ರೆಗೆ ಔಷಧಿ ಬೇಕಾದಾಗ ರಸ್ತೆಯ ಹಣ ಮುಟ್ಟಬಾರದೆಂದರೆ ಹೇಗೆ? ಎಲ್ಲ ತೆರಿಗೆಗೂ ಹೀಗೆ ಬೇಲಿ ಹಾಕುವುದು ತಪ್ಪೇ. ಆದ್ದರಿಂದಲೇ ಬೇಲಿ ನಿರ್ವಹಣೆಗಷ್ಟೇ ಇರಲಿ ಎನ್ನುವುದು. ಹೊಸ ರಸ್ತೆ ಆಯ್ಕೆಯ ವಿಷಯ, ಅದು ಶಾಲೆ, ಆಸ್ಪತ್ರೆಗಳೊಂದಿಗೆ ಬಜೆಟ್ಟಿನಲ್ಲಿ ಸ್ಪರ್ಧಿಸಲಿ. ಇರುವ ರಸ್ತೆಯ ಸವೆತ ಆಯ್ಕೆಯಲ್ಲ; ಈ ವರ್ಷ ಕೊಡದ ಹಣ ಮುಂದಿನ ಬಜೆಟ್ಟಿನ ಮೇಲೆ ಬೆಳೆದು ಕೂರುವ ಸಾಲ. ರಸ್ತೆಯನ್ನು ಬಡವರ ಖರ್ಚಿಗೆ ಎದುರಾಗಿ ನಿಲ್ಲಿಸುವುದೂ ಸರಿಯಲ್ಲ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಬಸ್ಸು ಹಳ್ಳಿಯನ್ನು ಮುಟ್ಟಬೇಕಾದರೂ ರಸ್ತೆ ಬೇಕು. ಗುಂಡಿಬಿದ್ದ ದಾರಿಯಲ್ಲಿ ಬಸ್ಸಿನ ಸ್ಪ್ರಿಂಗು, ಟೈರಿಗೆ ಆಗುವ ಖರ್ಚೂ ಅದೇ ಬೊಕ್ಕಸದ್ದು. ಜನ ಈಗಾಗಲೇ ಬೇಕಾದಷ್ಟು ತೆರಿಗೆ ಕಟ್ಟುತ್ತಿದ್ದಾರೆ ಎನ್ನುವವರಿಗೆ ಉತ್ತರ ಇಷ್ಟು. ಇಲ್ಲಿ ಮೊದಲು ಕೇಳುತ್ತಿರುವುದು ಕಟ್ಟಿದ ತೆರಿಗೆಯಲ್ಲಿ ಪಾಲನ್ನು. ವಿದ್ಯುತ್ ವಾಹನಗಳ ವಿಚಾರ ಮಾತ್ರ ಬೇರೆ. ಇಂಧನ ತೆರಿಗೆ ಕಟ್ಟದ ಈ ವಾಹನಗಳಿಗೆ ರಾಜ್ಯ 2016ರಿಂದ ವಾಹನ ತೆರಿಗೆಯ ವಿನಾಯಿತಿಯನ್ನೂ ಕೊಟ್ಟಿತ್ತು, 2024ರಲ್ಲಿ 25 ಲಕ್ಷ ರೂಪಾಯಿಗೂ ಹೆಚ್ಚು ಬೆಲೆಯವಕ್ಕೆ ಶೇ 10 ತೆರಿಗೆ ಹಾಕಿತು. ಹೊಗೆಯಿಲ್ಲದ ವಾಹನಕ್ಕೆ ಪ್ರೋತ್ಸಾಹ ಬೇಕು, ಆದರೆ ಅದೂ ರಸ್ತೆಯನ್ನು ಬಳಸುತ್ತದೆ. ಅವುಗಳ ಸಂಖ್ಯೆ ಬೆಳೆದಂತೆ ಓಡಿದ ದೂರಕ್ಕೆ ಸಣ್ಣ ಶುಲ್ಕದ ಏರ್ಪಾಡು ಬೇಕಾಗುತ್ತದೆ.

ಎಲ್ಲ ಕಡೆ ಕಾಂಕ್ರೀಟ್ ಹಾಕಿಬಿಟ್ಟರೆ ನಿರ್ವಹಣೆಯ ರಗಳೆಯೇ ಇಲ್ಲ ಎನ್ನುವವರೂ ಇದ್ದಾರೆ. ವೈಟ್ ಟಾಪಿಂಗ್ ದೀರ್ಘ ಬಾಳಿಕೆಯದು ನಿಜ. ಬೆಂಗಳೂರಿನಲ್ಲಿ ಹನ್ನೆರಡು ಸಾವಿರ ಕಿಲೋಮೀಟರಿಗೂ ಹೆಚ್ಚು ರಸ್ತೆಯಿದ್ದು, ದೊಡ್ಡ ರಸ್ತೆಗಳು ಅದರ ಹತ್ತನೇ ಒಂದರಷ್ಟು. ಉಳಿದ ವಾರ್ಡ್ ರಸ್ತೆಗಳಿಗೆಲ್ಲ ಕಾಂಕ್ರೀಟ್ ಹಾಕುವ ಹಣ ಯಾರಲ್ಲೂ ಇಲ್ಲ. ಕೆಳಗಿನ ಕೊಳವೆ, ಕೇಬಲ್ ಸರಿಮಾಡದೆ ಹಾಕಿದರೆ ಮತ್ತೆ ಅಗೆಯುವುದು ತಪ್ಪುವುದೂ ಇಲ್ಲ. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಲ್ಲಿ ಟೆಂಡರ್ ಶ್ಯೂರ್ ಯೋಜನೆ ನೆಲದಡಿಯ ವ್ಯವಸ್ಥೆಯನ್ನು ಮೊದಲು ಸರಿಮಾಡಿದ್ದರಿಂದ ಒಳ್ಳೆಯ ಹೆಸರು ಗಳಿಸಿತು. ಅದು ಆಯ್ದ ರಸ್ತೆಗಳಿಗೆ ಆಗುವ ಕೆಲಸ.

ನ್ಯಾಯಾಲಯಗಳು ಈಗ ಈ ಪ್ರಶ್ನೆಯನ್ನು ಮುಂದೂಡಲಾಗದಂತೆ ಮಾಡಿವೆ. ಸುಸ್ಥಿತಿಯ ರಸ್ತೆ ಜೀವಿಸುವ ಹಕ್ಕಿನ ಭಾಗ ಎಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಹೇಳಿತು. 2025ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ಗುಂಡಿಯಿಂದ ಸತ್ತವರ ಕುಟುಂಬಕ್ಕೆ ಆರು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಹಕ್ಕು ಇದ್ದಲ್ಲಿ ಹೊಣೆ ಇರಬೇಕು, ಹೊಣೆ ಹೊತ್ತವರ ಕೈಯಲ್ಲಿ ಹಣ ಇರಬೇಕು. ಹಣವಿಲ್ಲದ ಪಾಲಿಕೆ ಪರಿಹಾರ ಕಟ್ಟಿದರೆ ಅದು ದುರಸ್ತಿಯ ಹಣದಿಂದಲೇ ಹೋಗುತ್ತದೆ. ಇತ್ತ ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ಪಾಲಿಕೆ ಒಂದಿದ್ದರೂ ಐದಾದರೂ ಅನುದಾನಕ್ಕೆ ಕೈಚಾಚಿ ನಿಂತರೆ ಬೀದಿಯ ಪಾಡು ಬದಲಾಗದು. ಬಜೆಟ್ ದಿನ ಎಷ್ಟು ಸಾವಿರ ಕಿಲೋಮೀಟರ್ ಹೊಸ ರಸ್ತೆ ಘೋಷಣೆಯಾಯಿತು ಎಂದು ಎಣಿಸುವುದನ್ನು ಪತ್ರಿಕೆಗಳೂ ಓದುಗರೂ ಬಿಡಬೇಕು. ಇರುವ ರಸ್ತೆಯ ಒಂದು ಕಿಲೋಮೀಟರಿಗೆ ನಿರ್ವಹಣೆಗೆಂದು ಎಷ್ಟು ಕೊಟ್ಟರು, ಅದರಲ್ಲಿ ಎಷ್ಟು ಜೂನ್‌ಗೆ ಮೊದಲು ಊರಿನ ಖಾತೆಗೆ ಬಂತು ಎಂಬ ಎರಡು ಅಂಕಿ ಸಾಕು. ಮತ ಕೇಳಲು ಬರುವವರ ಮುಂದೆಯೂ ಇವೆರಡನ್ನೇ ಇಡಬಹುದು. ಉತ್ತರ ಇಲ್ಲದವರು ಭರವಸೆ ಕೊಡುವ ಹೊಸ ರಸ್ತೆ, ಐದಾರು ವರ್ಷ ಕಳೆದ ಮೇಲೆ ನಾವೇ ಎರಡನೇ ಸಲ ಹಣ ಕೊಟ್ಟು ಮಾಡಿಸಬೇಕಾದ ರಸ್ತೆ.